ಮೆಟ್ಟಿಲ ಮೇಲೆ ತುಳಿದ ತಾಳ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಬ್ಯಾಂಡಿನ ಮೊದಲ ಹಾಡನ್ನು ಗೆಳೆಯನ ಮನೆಯ ಮಹಡಿ ಕೋಣೆಯಲ್ಲೇ ರೆಕಾರ್ಡ್ ಮಾಡಿದೆವು. ಗಿಟಾರ್ ಚೆನ್ನಾಗಿ ಬಂತು, ಹಾಡಿದವನ ದನಿಯೂ ಪರವಾಗಿಲ್ಲ. ಆದರೆ ಡ್ರಮ್ಸ್ ಮಾತ್ರ ಪಕ್ಕದ ಬೀದಿಯಲ್ಲಿ ಯಾರೋ ಡಬ್ಬ ಬಡಿದಂತೆ ಕೇಳುತ್ತಿತ್ತು. ಬೇಸ್ ಗಿಟಾರಿನಲ್ಲಿ ಒಂದು ಸ್ವರವೂ ಬಿಡಿಯಾಗಿ ಕೇಳದೆ ಬರೀ ಗುಂಯ್ ಎನ್ನುತ್ತಿತ್ತು. ಮೊಬೈಲಿನಲ್ಲಿ ಹಾಕಿದರೆ ಎರಡೂ ಮಾಯ! ಒಳ್ಳೆ ಸ್ಟುಡಿಯೊ ಇಲ್ಲದಿದ್ದರೆ ಇಷ್ಟೇ ಎಂದು ಕೈಚೆಲ್ಲಿದ್ದಾಗ ಸಿಕ್ಕಿದವನು ಜೋ ಮೀಕ್.

ಮೀಕ್ ಹುಟ್ಟಿದ್ದು 1929ರ ಏಪ್ರಿಲ್ 5ರಂದು, ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನ ನ್ಯೂಯೆಂಟ್ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಲ್ಲೇ ಮನೆಯ ಹಿತ್ತಲ ಶೆಡ್ಡಿನಲ್ಲಿ ರೇಡಿಯೊ ಬಿಡಿಭಾಗ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ. ಕಡ್ಡಾಯ ಸೇನಾ ಸೇವೆಯಲ್ಲಿ ವಾಯುಪಡೆಯ ರಾಡಾರ್ ತಂತ್ರಜ್ಞನಾದ, ಆಮೇಲೆ ವಿದ್ಯುತ್ ಮಂಡಳಿಯಲ್ಲಿ ದುಡಿದ. ನಂತರ ಲಂಡನ್ ಸೇರಿ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಕೆಲಸ ಹಿಡಿದ. ತಮಾಷೆಯೆಂದರೆ ಈತನಿಗೆ ಯಾವ ವಾದ್ಯವೂ ನುಡಿಸಲು ಬರುತ್ತಿರಲಿಲ್ಲ, ಸ್ವರಲಿಪಿ ಬರೆಯಲೂ ಬರುತ್ತಿರಲಿಲ್ಲ. ತಲೆಯಲ್ಲಿದ್ದ ರಾಗವನ್ನು ಅಪಶ್ರುತಿಯಲ್ಲೇ ಗುನುಗಿ ಟೇಪಿಗೆ ಹಾಕುತ್ತಿದ್ದ. ಅದು ಯಾವ ರಾಗವೆಂದು ಪತ್ತೆಹಚ್ಚುವ ಪಾಡು ಸಂಗೀತಗಾರರದು.

ಆಗ ದೊಡ್ಡ ಸ್ಟುಡಿಯೊಗಳಲ್ಲಿ ಬಿಳಿ ಕೋಟಿನ ತಂತ್ರಜ್ಞರಿರುತ್ತಿದ್ದರು. ಮೀಟರಿನ ಮುಳ್ಳು ಕೆಂಪು ಗೆರೆ ದಾಟಬಾರದು, ಮೈಕು ವಾದ್ಯದಿಂದ ಮರ್ಯಾದೆಯ ದೂರದಲ್ಲಿರಬೇಕು ಎಂಬ ಕಟ್ಟುಪಾಡು. ಮೀಕ್ ಮೈಕನ್ನು ಡ್ರಮ್ಮಿನ ಹತ್ತಿರಕ್ಕೇ ಒಯ್ದ. 1956ರಲ್ಲಿ ಜಾಝ್ ತುತ್ತೂರಿ ವಾದಕ ಹಂಫ್ರಿ ಲಿಟಲ್ಟನ್ ಅವರ ‘ಬ್ಯಾಡ್ ಪೆನ್ನಿ ಬ್ಲೂಸ್’ ರೆಕಾರ್ಡ್ ಮಾಡಿದಾಗ ಡ್ರಮ್ ಬ್ರಷ್‌ಗಳನ್ನೂ ಪಿಯಾನೊದ ಎಡಗೈ ಸ್ವರಗಳನ್ನೂ ಕಂಪ್ರೆಸರ್‌ನಲ್ಲಿ ಹಿಂಡಿ ಮುಂದಕ್ಕೆ ತಂದು ನಿಲ್ಲಿಸಿದ. ನುಡಿಸಿ ಮುಗಿಸಿದ ಮೇಲೆ ಲಿಟಲ್ಟನ್ ಊರಲ್ಲಿರಲಿಲ್ಲ. ಇದ್ದಿದ್ದರೆ ಒಪ್ಪುತ್ತಲೇ ಇರಲಿಲ್ಲವೆಂದು ಆಮೇಲೆ ಅವರೇ ಹೇಳಿಕೊಂಡರು. ಆ ರೆಕಾರ್ಡು ಬ್ರಿಟನ್ನಿನ ಮೊದಲ ಇಪ್ಪತ್ತರ ಪಟ್ಟಿಗೆ ಏರಿತು.

ಕಂಪ್ರೆಸರ್ ಎಂದರೆ ಅತಿ ಜೋರಿನ ಸದ್ದನ್ನು ತಗ್ಗಿಸುವ ಸರ್ಕಿಟ್, ಅಷ್ಟೆ. ಜೋರಾದ ಪೆಟ್ಟುಗಳು ತಗ್ಗಿದ ಮೇಲೆ ಒಟ್ಟು ಸದ್ದನ್ನು ಏರಿಸಬಹುದು, ಆಗ ಮೆಲ್ಲನೆಯ ಭಾಗವೂ ಮೇಲೆ ಬರುತ್ತದೆ. ಎಲೆಕ್ಟ್ರಾನಿಕ್ಸ್ ಓದುವ ನಮಗೆ ಇದು ಪರೀಕ್ಷೆಗೆ ಬಾಯಿಪಾಠ. ಅದರಿಂದ ಒಂದು ಹಾಡು ಬದುಕಬಹುದು ಎಂದು ಮಾತ್ರ ನಮ್ಮ ನೋಟ್ಸ್‌ನಲ್ಲಿಲ್ಲ.

ಮೇಲಿನವರೊಂದಿಗೆ ಜಗಳವಾಡುವುದು ಮೀಕ್‌ನ ಸ್ವಭಾವ. 1960ರಲ್ಲಿ ಸ್ಟುಡಿಯೊ ಕೆಲಸ ಹೋಗಿತ್ತು. ಲಂಡನ್ನಿನ 304, ಹಾಲೋವೇ ರಸ್ತೆಯಲ್ಲಿ ಚರ್ಮದ ಸಾಮಾನಿನ ಅಂಗಡಿಯ ಮೇಲಿನ ಮಹಡಿಗಳನ್ನು ಬಾಡಿಗೆಗೆ ಹಿಡಿದ. ಮಲಗುವ ಕೋಣೆಯಾಗಬೇಕಿದ್ದದ್ದು ಸ್ಟುಡಿಯೊ ಆಯಿತು. ಹಾಡುವವರು ಬಚ್ಚಲುಮನೆಯಲ್ಲಿ, ಪಿಟೀಲಿನವರು ಮೆಟ್ಟಿಲ ಮೇಲೆ, ನೆಲದ ತುಂಬ ವೈರು. ಕೆಳಗಿನ ರಸ್ತೆಯಲ್ಲಿ ಲಾರಿ ಹೋದರೆ ಟೇಕ್ ಹಾಳು.

ಆತನ ಹತ್ತಿರ ನಮ್ಮ ಲ್ಯಾಪ್‌ಟಾಪಿನಲ್ಲಿರುವಂತೆ ಲೆಕ್ಕವಿಲ್ಲದಷ್ಟು ಟ್ರ್ಯಾಕ್‌ಗಳಿರಲಿಲ್ಲ. ಮೊದಲು ಡ್ರಮ್ಸ್, ಬೇಸ್, ಗಿಟಾರನ್ನು ಒಂದು ಟೇಪಿಗೆ ಹಾಕುವುದು. ಅದನ್ನು ನುಡಿಸುತ್ತ ಮೇಲೆ ದನಿ ಸೇರಿಸಿ ಇನ್ನೊಂದು ಯಂತ್ರಕ್ಕೆ ನಕಲಿಳಿಸುವುದು. ಪ್ರತಿ ನಕಲಿನಲ್ಲೂ ಕೆಳಗಿನ ಪದರ ಇಷ್ಟಿಷ್ಟೇ ಮಾಸುತ್ತದೆ. ಡ್ರಮ್ಮು, ಬೇಸುಗಳನ್ನು ಆತ ಮೊದಲಿಗೇ ಅಷ್ಟು ಒರಟಾಗಿ ಹಿಡಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಕೇಳುಗರ ಕೈಯಲ್ಲಿದ್ದದ್ದೂ ಪುಟ್ಟ ರೇಡಿಯೊ. ಅದು ಅಂದಿನ ಮೊಬೈಲ್ ಸ್ಪೀಕರ್ ಎನ್ನಿ.

1962ರ ಜುಲೈನಲ್ಲಿ ಟೆಲ್‌ಸ್ಟಾರ್ ಉಪಗ್ರಹ ಹಾರಿತು. ಅದೇ ಹೆಸರಿನಲ್ಲಿ ಮೀಕ್ ಒಂದು ರಾಗ ಕಟ್ಟಿ ಟೊರ್ನಾಡೋಸ್ ತಂಡದಿಂದ ನುಡಿಸಿದ. ಬಾಡಿಗೆ ಮನೆಯಲ್ಲಿ ಹುಟ್ಟಿದ ಆ ಹಾಡು ಬ್ರಿಟನ್ನಿನಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಬೀಟಲ್ಸ್‌ಗಿಂತ ಮೊದಲು!

ಆದರೆ ನನಗೆ ಅದಕ್ಕಿಂತ ಇಷ್ಟ 1964ರ ‘ಹ್ಯಾವ್ ಐ ದ ರೈಟ್’. ಹನಿಕೋಂಬ್ಸ್ ತಂಡದ ಡ್ರಮ್ಮರ್ ಹನಿ ಲ್ಯಾಂಟ್ರಿ, ಹೇರ್ ಡ್ರೆಸ್ಸರ್ ಆಗಿದ್ದ ಹುಡುಗಿ. ಆಕೆಯ ಡ್ರಮ್ಸ್ ಮೀಕ್‌ಗೆ ಸಾಲಲಿಲ್ಲ. ತಂಡದವರನ್ನು ಮರದ ಮೆಟ್ಟಿಲ ಮೇಲೆ ನಿಲ್ಲಿಸಿ ತಾಳಕ್ಕೆ ಸರಿಯಾಗಿ ತುಳಿಯಲು ಹೇಳಿದ. ಸೈಕಲ್ ತುಳಿಯುವಾಗ ಪ್ಯಾಂಟಿಗೆ ಹಾಕುವ ಕ್ಲಿಪ್ಪುಗಳಿಂದ ಮೆಟ್ಟಿಲ ಕಟಕಟೆಗೆ ಮೈಕುಗಳನ್ನು ಸಿಕ್ಕಿಸಿದ. ಸಾಲದ್ದಕ್ಕೆ ಟ್ಯಾಂಬೊರಿನ್ನನ್ನು ನೇರ ಮೈಕಿಗೇ ಬಡಿಸಿದ. ಆ ಹಾಡೂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಇಂದು ಕೇಳಿದರೂ ಪಲ್ಲವಿಯಲ್ಲಿ ಆ ಕಾಲುಗಳ ಸದ್ದು ಎದೆಗೆ ತಾಗುತ್ತದೆ.

ಮುಂದಿನ ಕಥೆ ಓದಲು ಕಷ್ಟ. ಟೆಲ್‌ಸ್ಟಾರ್ ರಾಗ ತನ್ನದೆಂದು ಫ್ರಾನ್ಸಿನ ಸಂಗೀತಗಾರನೊಬ್ಬ ದಾವೆ ಹೂಡಿ, ಅದರ ಗೌರವಧನ ಮೀಕ್‌ನ ಕೈಸೇರದೆ ತಡೆಹಿಡಿಯಲ್ಪಟ್ಟಿತು. ಆತ ಸಲಿಂಗಿ, ಅಂದಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. 1963ರಲ್ಲಿ ಬಂಧನವಾಗಿ, ದಂಡ ಬಿದ್ದು, ಸುದ್ದಿ ಪತ್ರಿಕೆಯಲ್ಲೂ ಬಂತು. ಗುಳಿಗೆಗಳ ಚಟ, ಸಾಲ, ಯಾರೋ ತನ್ನ ಧ್ವನಿಯ ಗುಟ್ಟು ಕದಿಯುತ್ತಿದ್ದಾರೆ ಎಂಬ ಸಂಶಯ. 1967ರ ಫೆಬ್ರುವರಿ 3ರಂದು ಮನೆಯೊಡತಿ ವಯೊಲೆಟ್ ಶೆಂಟನ್ ಅವರನ್ನು ಗುಂಡಿಟ್ಟು ಕೊಂದು ತನ್ನ ಜೀವವನ್ನೂ ತೆಗೆದುಕೊಂಡ. ಆಗ ವಯಸ್ಸು 37. ಪ್ರತಿಭೆಗೆ ಹುಚ್ಚು ಅಂಟಿಕೊಂಡೇ ಇರುತ್ತದೆ ಎಂದು ಇದನ್ನು ರಮ್ಯವಾಗಿ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಆ ಗದ್ದಲವನ್ನು ಸಹಿಸಿಕೊಂಡ ಶೆಂಟನ್ ಅವರ ಹೆಸರು ಆ ಮಾತಿನಲ್ಲಿ ಕಳೆದೇ ಹೋಗುತ್ತದೆ. ಮತ್ತೆ, ಆತನಿಗೆ ಬೇಕಿದ್ದದ್ದು ವೈದ್ಯರು. ಟೆಲ್‌ಸ್ಟಾರ್ ಮೊಕದ್ದಮೆ ಮೀಕ್ ಪರವಾಗಿಯೇ ಮುಗಿಯಿತು, ಆತ ಸತ್ತ ಮೇಲೆ. ಸ್ಟುಡಿಯೊದಲ್ಲಿ ಉಳಿದಿದ್ದ ಸಾವಿರಕ್ಕೂ ಮಿಕ್ಕ ಟೇಪುಗಳು ಚಹಾ ಪೆಟ್ಟಿಗೆಗಳಲ್ಲಿ ತುಂಬಿ ದಶಕಗಳ ಕಾಲ ಹಾಗೇ ಬಿದ್ದಿದ್ದವು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಹಾಡನ್ನು ಮತ್ತೆ ಶುರುಮಾಡಿದೆವು. ಬೇಸ್ ಡ್ರಮ್ಮಿನ ಮುಂದಿನ ಹೊದಿಕೆ ಬಿಚ್ಚಿ ಒಳಗೆ ಹಳೇ ಕಂಬಳಿ ತುರುಕಿ, ಮೈಕನ್ನು ಅದರ ಬಾಯಿಗೇ ಇಟ್ಟೆವು. ಬೇಸ್ ಗಿಟಾರನ್ನು ಆಂಪ್ಲಿಫೈಯರ್ ಬಿಟ್ಟು ನೇರ ಇಂಟರ್‌ಫೇಸಿಗೆ ಚುಚ್ಚಿದೆವು. ಅದರ ಅತಿ ದಪ್ಪ ತಂತಿ 41 ಹರ್ಟ್ಸ್‌ನಷ್ಟು ಕೆಳಗಿಳಿಯುತ್ತದೆ, ಡ್ರಮ್ಮಿನ ಗುದ್ದೂ ಅಲ್ಲೇ ಮೇಲೆ ಕೂತಿರುತ್ತದೆ. ಒಂದೇ ಸೀಟಿಗೆ ಇಬ್ಬರು. ಹಾಗಾಗಿ 70 ಹರ್ಟ್ಸ್ ಆಸುಪಾಸಿನಲ್ಲಿ ಬೇಸನ್ನು ಕೊಂಚ ಕೆತ್ತಿ ಡ್ರಮ್ಮಿಗೆ ಜಾಗ ಬಿಟ್ಟೆವು. ಆಮೇಲೆ ಕಂಪ್ರೆಸರ್. ಮೊಬೈಲಿನಲ್ಲಿ ಈಗ ಕೇಳುತ್ತಿದೆ.

ಪಲ್ಲವಿಗೆ ಮೆಟ್ಟಿಲು ತುಳಿಯುವುದನ್ನೂ ಬಿಡಲಿಲ್ಲ. ಆದರೆ ಗೆಳೆಯನ ಮನೆಯದು ಗ್ರಾನೈಟ್ ಹಾಸಿದ ಕಾಂಕ್ರೀಟ್ ಮೆಟ್ಟಿಲು, ಚಪ್ಪಲಿಯ ಪಟಪಟ ಬಿಟ್ಟರೆ ಬೇರೇನೂ ಬರಲಿಲ್ಲ. ಕೊನೆಗೆ ಅಜ್ಜಿಯ ಹಳೇ ಮರದ ಮಂಚ ಹತ್ತಿ ನಾಲ್ವರೂ ತುಳಿದೆವು. ಮೂರನೇ ಟೇಕಿನ ಕೊನೆಯಲ್ಲಿ, ಏನ್ರೋ ಅದು ಎಂದು ಅಜ್ಜಿ ಕೆಳಗಿನಿಂದ ಕೂಗಿದ್ದೂ ಸೇರಿಕೊಂಡಿದೆ. ಅದನ್ನು ಕತ್ತರಿಸಬೇಕೋ ಬೇಡವೋ ಎಂಬ ಜಗಳ ಇನ್ನೂ ಮುಗಿದಿಲ್ಲ.