ದೀನಬಂಧು ಆಂಡ್ರೂಸ್

ನಾನು ಬೆಳೆದುದು ಮಡಿ ಮೈಲಿಗೆಗಳ ಕಟ್ಟುಪಾಡು ಬಹಳ ಬಿಗಿಯಾಗಿದ್ದ ಮನೆಯಲ್ಲಿ. ನಮ್ಮ ಅಜ್ಜಿಗೆ ದೇವರೆಂದರೆ ಮನೆದೇವರು. ಉಳಿದವರ ದೇವರುಗಳ ವಿಚಾರ ನಮಗೇಕೆ ಎಂಬುದು ಅವರ ತೀರ್ಮಾನ. ಕಾಲೇಜಿಗೆ ಸೇರಿ ವಿದ್ಯಾರ್ಥಿ ನಿಲಯದಲ್ಲಿ ನೆಲೆಸಿದ ಮೇಲೆ, ನನ್ನ ಕೋಣೆಯ ಗೆಳೆಯನು ನಸುಕಿನಲ್ಲೆದ್ದು ನಮಾಜು ಮಾಡುವುದನ್ನು ದಿನವೂ ನೋಡಿದೆ. ಅವನ ಭಕ್ತಿ ಅಜ್ಜಿಯ ಭಕ್ತಿಗಿಂತ ಯಾವ ವಿಧದಲ್ಲಿಯೂ ಕಡಮೆಯದಾಗಿ ತೋರಲಿಲ್ಲ. ಆದರೂ ಹಬ್ಬದ ದಿನ ಅವನು ಮನೆಯಿಂದ ತಂದ ಪಾಯಸವನ್ನು ಏನೋ ನೆಪ ಹೇಳಿ ಬೇಡವೆಂದೆ. ಅವನು ಏನೂ ಅನ್ನಲಿಲ್ಲ. ಅವನ ನಂಬಿಕೆಯನ್ನು ಗೌರವಿಸಿದರೆ ಅಜ್ಜಿಯ ನಂಬಿಕೆಗೆ ದ್ರೋಹ ಬಗೆದಂತಾಗುವುದೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಆ ದಿನಗಳಲ್ಲಿ ನಾನು ಓದಿದುದು ಚಾರ್ಲ್ಸ್ ಫ್ರೀಯರ್ ಆಂಡ್ರೂಸರ ಜೀವನ. ಅದರಿಂದ ನನಗೆ ದೊರೆತುದನ್ನು ಇಲ್ಲಿ ಹೇಳುತ್ತೇನೆ.

ಆಂಡ್ರೂಸರು ಹುಟ್ಟಿದುದು 1871ರ ಫೆಬ್ರುವರಿ 12ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ, ಬೆಳೆದುದು ಬರ್ಮಿಂಗ್‌ಹ್ಯಾಮಿನಲ್ಲಿ. ತಂದೆ ಕ್ಯಾಥೊಲಿಕ್ ಅಪೊಸ್ತಲಿಕ್ ಎಂಬ ಚಿಕ್ಕ ಪಂಥದ ಧರ್ಮಗುರುಗಳು. ಯೇಸುವಿನ ಪುನರಾಗಮನ ಇನ್ನೇನು ಸಮೀಪಿಸಿತೆಂದೂ, ಅದಕ್ಕೆ ಲೋಕವನ್ನು ಅಣಿಗೊಳಿಸುವ ಸಲುವಾಗಿ ದೇವರು ಹೊಸದಾಗಿ ಹನ್ನೆರಡು ಮಂದಿ ಅಪೊಸ್ತಲರನ್ನು ನೇಮಿಸಿದನೆಂದೂ ಆ ಪಂಥದವರು ನಂಬಿದ್ದರು. ಇಂತಹ ಮನೆಯಲ್ಲಿ ಬಾಲಕನ ದಿನಚರಿ ಪ್ರಾರ್ಥನೆ ಪೂಜೆಗಳಿಂದ ತುಂಬಿರುತ್ತಿತ್ತು. ಆದರೆ ಆ ಕಟ್ಟುನಿಟ್ಟಿನೊಳಗೆ ಪ್ರೇಮವೂ ಇದ್ದಿತು. ತಾಯಿಯ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಆಪ್ತರೊಬ್ಬರು ಹಣವನ್ನೆಲ್ಲ ಕಳೆದು, ಕುಟುಂಬ ಬಡತನಕ್ಕಿಳಿಯಿತು. ತಂದೆ ಆ ಮನುಷ್ಯನನ್ನು ಶಪಿಸಲಿಲ್ಲ. ಮನೆಮಂದಿಯೊಡನೆ ಕುಳಿತು ಅವನಿಗಾಗಿಯೇ ಪ್ರಾರ್ಥಿಸಿದರು. ಮಗನು ಮುಂದೆ ತಂದೆಯ ಸಿದ್ಧಾಂತಗಳನ್ನು ಬಿಟ್ಟರೂ ಆ ಪ್ರಾರ್ಥನೆಯನ್ನು ಮರೆಯಲಿಲ್ಲ.

ಕೇಂಬ್ರಿಡ್ಜಿನ ಪೆಂಬ್ರೋಕ್ ಕಾಲೇಜಿನಲ್ಲಿ ಓದುವಾಗ ಅವರ ಮನಸ್ಸಿಗೆ ಹೊಸ ಗಾಳಿ ತಾಕಿತು. ತಂದೆಯ ಪಂಥದಲ್ಲಿ ಮುಂದುವರಿಯುವುದು ಅಸಾಧ್ಯವೆನಿಸಿ ಇಂಗ್ಲೆಂಡಿನ ಚರ್ಚನ್ನು ಸೇರಿದರು. ಮಗನೂ ತನ್ನ ಹಾದಿಯಲ್ಲೇ ನಡೆಯುವನೆಂದು ನಂಬಿದ್ದ ತಂದೆಗೆ ಇದರಿಂದ ಆದ ನೋವು ಅಲ್ಪವಲ್ಲ. 1897ರಲ್ಲಿ ಆಂಡ್ರೂಸರು ಪಾದ್ರಿಗಳಾದರು. ದಕ್ಷಿಣ ಲಂಡನ್ನಿನ ವಾಲ್ವರ್ತ್ ಎಂಬ ಬಡವರ ಕೇರಿಯಲ್ಲಿ ಸೇವೆ ಮಾಡಿದರು. ದೆಹಲಿಯ ಮಿಷನ್ನಿಗೆ ಹೋಗಿದ್ದ ಅವರ ಪರಮ ಮಿತ್ರ ಬೇಸಿಲ್ ವೆಸ್ಟ್‌ಕಾಟ್ 1900ರಲ್ಲಿ ಕಾಲರಾದಿಂದ ಮಡಿದರು. ಆ ಮಿತ್ರನ ಸ್ಥಾನವನ್ನು ತುಂಬಬೇಕೆಂಬ ಹಂಬಲದಿಂದಲೇ ಆಂಡ್ರೂಸರು 1904ರ ಮಾರ್ಚಿಯಲ್ಲಿ ಭಾರತಕ್ಕೆ ಬಂದು ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು.

ಕಲಿಸಲು ಬಂದವರು ಇಲ್ಲಿ ತಾವೇ ಕಲಿತರು. ಸಹೋದ್ಯೋಗಿ ಸುಶೀಲಕುಮಾರ ರುದ್ರರ ಮನೆಯೇ ಅವರ ಮನೆಯಾಯಿತು. ಕಾಲೇಜಿನ ಪ್ರಿನ್ಸಿಪಾಲರ ಸ್ಥಾನ ತೆರವಾದಾಗ, ಆ ಪದವಿ ರುದ್ರರಿಗೇ ಸಲ್ಲಬೇಕೆಂದು ಆಂಡ್ರೂಸರು ಹಟ ಹಿಡಿದರು. 1906ರಲ್ಲಿ ರುದ್ರರು ಆ ಕಾಲೇಜಿನ ಮೊದಲ ಭಾರತೀಯ ಪ್ರಿನ್ಸಿಪಾಲರಾದರು. ಹಳೆಯ ದೆಹಲಿಯಲ್ಲಿ ಮುನ್ಷಿ ಜಕಾವುಲ್ಲಾ ಎಂಬ ವೃದ್ಧ ವಿದ್ವಾಂಸರಿದ್ದರು. ಗಣಿತ ಚರಿತ್ರೆಗಳನ್ನು ಉರ್ದುವಿನಲ್ಲಿ ಬರೆದವರು, ನಿಷ್ಠಾವಂತ ಮುಸಲ್ಮಾನರು. ಆಂಡ್ರೂಸರು ಅವರ ಬಳಿ ಮಗನಂತೆ ಕುಳಿತು ಮಾತು ಕೇಳಿದರು. 1910ರಲ್ಲಿ ಅವರು ತೀರಿಕೊಂಡರು. 1929ರಲ್ಲಿ ಆಂಡ್ರೂಸರು ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು. ಹರಿದ್ವಾರದ ಬಳಿಯ ಕಾಂಗಡಿ ಗುರುಕುಲದ ಮಹಾತ್ಮ ಮುನ್ಶಿರಾಮರೂ, ಅಂದರೆ ಮುಂದಿನ ಸ್ವಾಮಿ ಶ್ರದ್ಧಾನಂದರೂ, ಅವರಿಗೆ ಆತ್ಮೀಯರಾದರು. 1912ರಲ್ಲಿ ಲಂಡನ್ನಿನ ಚಿತ್ರಕಾರ ರೋಥೆನ್‌ಸ್ಟೈನರ ಮನೆಯಲ್ಲಿ ರವೀಂದ್ರನಾಥರ ಗೀತಾಂಜಲಿಯ ಕವನಗಳನ್ನು ಕೇಳಿದ ರಾತ್ರಿ ಅವರ ಬಾಳಿನ ದಿಕ್ಕೇ ಬದಲಾಯಿತು.

ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾಗ್ರಂಥದಲ್ಲಿ ಅಥನೇಷಿಯಸನ ಹೆಸರಿನ ಒಂದು ವಿಶ್ವಾಸಪ್ರಮಾಣವುಂಟು. ಅದರಲ್ಲಿ ಹೇಳಿದಂತೆ ನಂಬದವರು ನಿತ್ಯನಾಶಕ್ಕೆ ಗುರಿಯಾಗುವರೆಂಬುದು ಅದರ ಸಾರ. ಆಗ ಪಾದ್ರಿಯಾದವನು ಗೊತ್ತಾದ ದಿನಗಳಲ್ಲಿ ಅದನ್ನು ಎಲ್ಲರೆದುರು ಪಠಿಸಬೇಕಾಗಿತ್ತು. ಜಕಾವುಲ್ಲಾರ ಮುಖವನ್ನು ಕಂಡವನು ಆ ಮಾತುಗಳನ್ನು ಹೇಗೆ ಉಚ್ಚರಿಸಿಯಾನು? ಆಂಡ್ರೂಸರ ಮನಸ್ಸನ್ನು ತಿರುಗಿಸಿದುದು ತರ್ಕಕ್ಕಿಂತ ಹೆಚ್ಚಾಗಿ ಮನುಷ್ಯರ ಸ್ನೇಹವೇ ಎಂದು ನನಗೆ ತೋರುತ್ತದೆ. 1914ರಲ್ಲಿ ಅವರು ಪಾದ್ರಿಯ ಕರ್ತವ್ಯಗಳನ್ನು ತ್ಯಜಿಸಿ ಶಾಂತಿನಿಕೇತನವನ್ನು ಸೇರಿದರು. ಅನೇಕ ಹಳೆಯ ಮಿತ್ರರು ಅವರು ಧರ್ಮಭ್ರಷ್ಟರಾದರೆಂದು ಮರುಗಿದರು.

ಅದೇ ವರ್ಷದ ಆರಂಭದಲ್ಲಿ ಅವರು ಗೋಖಲೆಯವರ ಪ್ರೇರಣೆಯಿಂದ ಪಿಯರ್ಸನ್ನರೊಡನೆ ದಕ್ಷಿಣ ಆಫ್ರಿಕಕ್ಕೆ ಹೋಗಿದ್ದರು. ಡರ್ಬನ್ನಿನ ಹಡಗುಕಟ್ಟೆಯಲ್ಲಿ ಗಾಂಧಿಯವರನ್ನು ಕಂಡೊಡನೆ ಬಾಗಿ ಪಾದ ಮುಟ್ಟಿದರು. ಬಿಳಿಯನೊಬ್ಬ ಭಾರತೀಯನ ಕಾಲಿಗೆರಗಿದುದು ಅಲ್ಲಿನ ಬಿಳಿಯರಿಗೆ ಸಹಿಸದಾಯಿತು. ಅಲ್ಲಿರುವಾಗಲೇ ತಾಯಿಯ ಮರಣವಾರ್ತೆ ಬಂದಿತು. 1915ರಲ್ಲಿಯೂ 1917ರಲ್ಲಿಯೂ ಫಿಜಿ ದ್ವೀಪಗಳಿಗೆ ಹೋಗಿ, ಕಬ್ಬಿನ ತೋಟಗಳಲ್ಲಿ ಗಿರ್‌ಮಿಟ್ ಕರಾರಿಗೆ ಸಿಕ್ಕಿ ದುಡಿಯುತ್ತಿದ್ದ ನಮ್ಮ ಜನರ ದುಃಸ್ಥಿತಿಯನ್ನು ಲೋಕಕ್ಕೆ ತಿಳಿಸಿದರು. ಕೂಲಿಗಳನ್ನು ಕಳುಹಿಸುವುದು 1917ರಲ್ಲಿ ನಿಂತಿತು. ಫಿಜಿಯಲ್ಲಿ ಉಳಿದಿದ್ದ ಕರಾರುಗಳು 1920ರ ಜನವರಿ 1ರಂದು ರದ್ದಾದವು. ಜನ ಅವರನ್ನು ದೀನಬಂಧುವೆಂದು ಕರೆದರು.

1924ರಲ್ಲಿ ಹಿಂದೂ ಮುಸ್ಲಿಂ ಗಲಭೆಗಳಿಂದ ನೊಂದು ಗಾಂಧಿಯವರು ದೆಹಲಿಯಲ್ಲಿ 21 ದಿನ ಉಪವಾಸ ಮಾಡಿದರು. ಪಕ್ಕದಲ್ಲಿದ್ದು ಶುಶ್ರೂಷೆ ಮಾಡಿದವರಲ್ಲಿ ಆಂಡ್ರೂಸರೂ ಒಬ್ಬರು. ಉಪವಾಸ ಮುಗಿಸುವ ಹೊತ್ತಿನಲ್ಲಿ ಇಮಾಮ್ ಸಾಹೇಬರು ಕುರಾನನ್ನು ಪಠಿಸಿದರು, ವಿನೋಬಾ ಉಪನಿಷತ್ತನ್ನು ಹೇಳಿದರು, ಆಂಡ್ರೂಸರು ಯೇಸುವಿನ ಶಿಲುಬೆಯನ್ನು ಕುರಿತ ಸ್ತೋತ್ರವನ್ನು ಹಾಡಿದರು. ಯಾರೂ ತಮ್ಮದನ್ನು ಬಿಡಲಿಲ್ಲ; ಯಾರೂ ಇತರರದನ್ನು ಹೊರಗಿಡಲಿಲ್ಲ.

ಈ ಘಟನೆಯಲ್ಲಿಯೇ ನನ್ನ ಪ್ರಶ್ನೆಗೆ ಉತ್ತರವಿದ್ದಿತು. ಆಂಡ್ರೂಸರು ಪಾದ್ರಿಯ ನಿಲುವಂಗಿಯನ್ನು ಕಳಚಿದರೇ ಹೊರತು ಯೇಸುವನ್ನು ಬಿಡಲಿಲ್ಲ. 1932ರಲ್ಲಿ ತಾವು ಕ್ರಿಸ್ತನಿಗೆ ಎಷ್ಟು ಋಣಿಗಳೆಂಬುದನ್ನು ಕುರಿತೇ ಒಂದು ಆತ್ಮಕಥೆಯನ್ನು ಬರೆದರು. 1936ರಲ್ಲಿ ಮತ್ತೆ ಪಾದ್ರಿಯ ಕಾರ್ಯವನ್ನು ಕೈಗೊಂಡರು. 1940ರ ಏಪ್ರಿಲ್ 5ರಂದು ಕಲ್ಕತ್ತೆಯಲ್ಲಿ ತೀರಿಕೊಂಡು ಅಲ್ಲಿಯ ಮಣ್ಣಿನಲ್ಲೇ ಸೇರಿದರು. ಮನೆಯ ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಮನೆಯನ್ನು ತೊರೆದಂತಾಗುವುದಿಲ್ಲವೆಂದು ಅವರ ಬಾಳು ನನಗೆ ಕಲಿಸಿತು.

ಈ ವರ್ಷದ ಹಬ್ಬದಲ್ಲಿ ಗೆಳೆಯನ ಪಾಯಸವನ್ನು ಕೇಳಿ ಹಾಕಿಸಿಕೊಂಡು ಉಂಡೆ. ಆ ದಿನ ಸಂಜೆ ಎಂದಿನಂತೆ ಸಂಧ್ಯಾವಂದನೆಯನ್ನೂ ಮಾಡಿದೆ. ಮನಸ್ಸಿನಲ್ಲಿ ಯಾವ ಕಳವಳವೂ ಉಂಟಾಗಲಿಲ್ಲ. ಅಜ್ಜಿಗೆ ಇನ್ನೂ ಹೇಳಿಲ್ಲ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅವರ ಬಳಿ ಕುಳಿತು, ಮೊದಲು ಆಂಡ್ರೂಸರ ಕಥೆಯನ್ನು ಹೇಳಿ, ಆಮೇಲೆ ನನ್ನದನ್ನು ಹೇಳಬೇಕೆಂದಿದ್ದೇನೆ.