ಇಗರ್ಜಿಯ ಎಣ್ಣೆ, ಮನೆಯ ಎಣ್ಣೆ

ಮಕ್ಕಳೇ, ಕನ್ನಡ ಕೂಟದ ಯುಗಾದಿ ಊಟ, ವಾರಾಂತ್ಯದ ಕನ್ನಡ ತರಗತಿ ಎಲ್ಲ ಬಾಡಿಗೆಗೆ ಸಿಕ್ಕ ಚರ್ಚ್ ಹಾಲಿನಲ್ಲಿ ನಡೆಯುವುದು ಅಮೆರಿಕದ ಎಷ್ಟೋ ಊರುಗಳಲ್ಲಿ ಮಾಮೂಲು. ಅದು ಎಪಿಸ್ಕೋಪಲ್ ಚರ್ಚ್ ಆಗಿದ್ದರೆ ನೋಟಿಸ್ ಬೋರ್ಡಿನಲ್ಲಿ ಬ್ಯಾಪ್ಟಿಸಂ, ಕಮ್ಯುನಿಯನ್, ಕನ್ಫರ್ಮೇಶನ್, ಮದುವೆ, ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಮಾಡುವ ಪ್ರಾರ್ಥನೆ ಇವೆಲ್ಲ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಇದು ಇಲ್ಲಿಯವರ ಪದ್ಧತಿ, ನಮ್ಮೂರಿಗೂ ಇದಕ್ಕೂ ಏನು ಸಂಬಂಧ ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ಈ ವಿಧಿಗಳು ಅಮೆರಿಕ ಎಂಬ ದೇಶ ಹುಟ್ಟುವ ಮೊದಲೇ ನಡೆಯುತ್ತಿದ್ದವು.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಕಡಲು ಸೇರುವ ಜಾಗದಲ್ಲಿ ಗಂಗೊಳ್ಳಿ ಇದೆ. ಕುಂದಾಪುರದ ದಡದಲ್ಲಿ ನಿಂತರೆ ಎದುರಿಗೇ ಕಾಣುತ್ತದೆ. ರಸ್ತೆಯಲ್ಲಿ ಹೋಗುವುದಾದರೆ ಮಾತ್ರ ತ್ರಾಸಿ ಕಡೆಯಿಂದ ದೊಡ್ಡ ಸುತ್ತು ಹಾಕಬೇಕು. ಮೀನಿನ ಊರು, ಬಂದರಿನ ಊರು. 17ನೇ ಶತಮಾನದ ಮೊದಲ ಭಾಗದಲ್ಲಿ ಪೋರ್ಚುಗೀಸರು ಇಲ್ಲೊಂದು ಕೋಟೆ ಕಟ್ಟಿಕೊಂಡಿದ್ದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಈ ಕರಾವಳಿಯಿಂದ ಎಬ್ಬಿಸಿದ. ಪೋರ್ಚುಗೀಸರು ಹೋದರು, ಕೊಂಕಣಿ ಮಾತನಾಡುವ ಕ್ರೈಸ್ತರು ಉಳಿದರು. ಆದರೆ ಅವರಿಗೆ ಪಾದ್ರಿಗಳಿರಲಿಲ್ಲ ಎನ್ನುವಷ್ಟು ಕಡಿಮೆ. ಆಗ, 1681ರಲ್ಲಿ, ಗೋವೆಯಿಂದ ಬಂದವರು ಜೋಸೆಫ್ ವಾಜ್ ಎಂಬ ಪಾದ್ರಿ. ಆಗ ಅವರಿಗೆ ಮೂವತ್ತು ವರ್ಷ. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಊರೂರು ಸುತ್ತಿ ಇಗರ್ಜಿಗಳನ್ನು, ಅಂದರೆ ಚರ್ಚುಗಳನ್ನು, ಎದ್ದು ನಿಲ್ಲಿಸಿದರು, ಶಾಲೆ ತೆರೆದರು. ಅವರ ಕಥೆ ಇನ್ನೂ ಇದೆ, ಆಮೇಲೆ ಹೇಳುತ್ತೇನೆ.

ಗಂಗೊಳ್ಳಿಯ ಇಗರ್ಜಿಗೆ ಊರವರು ಕೊಸೆಸಾಂವ್ ಮಾತಾ ಇಗರ್ಜಿ ಎನ್ನುತ್ತಾರೆ. ಇದು ಕೆಥೋಲಿಕರದ್ದು. ಕೆಥೋಲಿಕರಲ್ಲಿ ಸಂಸ್ಕಾರಗಳು ಏಳು. ಎಪಿಸ್ಕೋಪಲ್ ಚರ್ಚಿನವರು ಬಾಪ್ತಿಸ್ಮ ಮತ್ತು ಪರಮಪ್ರಸಾದ (ಕಮ್ಯುನಿಯನ್) ಎರಡನ್ನು ಮಾತ್ರ ಯೇಸುವೇ ಕೊಟ್ಟ ದೊಡ್ಡ ಸಂಸ್ಕಾರಗಳೆಂದು ಹಿಡಿದು, ಉಳಿದ ಐದನ್ನು ಅವುಗಳ ಕೆಳಗಿನ ವಿಧಿಗಳೆಂದು ಎಣಿಸುತ್ತಾರೆ. ಲೆಕ್ಕ ಬೇರೆಯಾದರೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಗಂಗೊಳ್ಳಿಯಲ್ಲಿ ಬಾಪ್ತಿಸ್ಮ ಆದವರು ನಾಳೆ ಎಪಿಸ್ಕೋಪಲ್ ಚರ್ಚಿಗೆ ಸೇರಿದರೆ ಅವರಿಗೆ ಎರಡನೆಯ ಸಲ ಬಾಪ್ತಿಸ್ಮ ಕೊಡುವುದಿಲ್ಲ.

ಏಳರಲ್ಲಿ ಮೊದಲನೆಯದೇ ಬಾಪ್ತಿಸ್ಮ. ಮಗುವಿನ ಹಣೆಗೆ ಮೂರು ಸಲ ನೀರು, ಎಣ್ಣೆಯ ಶಿಲುಬೆ, ಬಿಳಿ ಬಟ್ಟೆ, ಹಚ್ಚಿದ ಮೇಣದ ಬತ್ತಿ. ಮಗು ಅಳುವುದೂ ವಿಧಿಯ ಭಾಗವೇ ಇರಬೇಕು, ತಪ್ಪುವುದೇ ಇಲ್ಲ. ಸ್ವಲ್ಪ ಬುದ್ಧಿ ಬಂದ ಮೇಲೆ ಪಾಪನಿವೇದನೆ, ಅದರ ಬೆನ್ನಿಗೇ ಬಿಳಿ ಅಂಗಿ ತೊಟ್ಟು ಮೊದಲ ಪರಮಪ್ರಸಾದ. ಇನ್ನೂ ದೊಡ್ಡವರಾದ ಮೇಲೆ ದೃಢೀಕರಣ, ಅಂದರೆ ಕನ್ಫರ್ಮೇಶನ್; ಅದಕ್ಕೆ ಸಾಮಾನ್ಯವಾಗಿ ಬಿಷಪರೇ ಬರುತ್ತಾರೆ. ಗಂಗೊಳ್ಳಿ ಮೊದಲು ಮಂಗಳೂರು ಧರ್ಮಪ್ರಾಂತ್ಯದಲ್ಲಿತ್ತು, 2012ರಲ್ಲಿ ಉಡುಪಿಗೆ ಬೇರೆ ಧರ್ಮಪ್ರಾಂತ್ಯವಾಯಿತು. ಪಾದ್ರಿಯಾಗುವವರಿಗೆ ಗುರುದೀಕ್ಷೆ. ಇಲ್ಲೊಂದು ವ್ಯತ್ಯಾಸ ನಿಮಗೆ ಕೂಡಲೇ ಗೊತ್ತಾಗುತ್ತದೆ: ಎಪಿಸ್ಕೋಪಲ್ ಚರ್ಚಿನಲ್ಲಿ ಪೂಜೆ ಮಾಡುವವರಲ್ಲಿ ಹೆಂಗಸರೂ ಇರುತ್ತಾರೆ, 1976ರಲ್ಲೇ ಆ ಚರ್ಚ್ ಅದಕ್ಕೆ ಒಪ್ಪಿತು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೂ ಮಹಿಳೆಯರಿಗೆ ದೀಕ್ಷೆ ಉಂಟು. 1947ರಲ್ಲಿ ಆಂಗ್ಲಿಕನರು, ಮೆಥಡಿಸ್ಟರು ಮೊದಲಾದವರು ಕೂಡಿ ಕಟ್ಟಿದ ಆ ಸಭೆಯೇ ನಮ್ಮ ಕಡೆ ಎಪಿಸ್ಕೋಪಲ್ ಚರ್ಚಿಗೆ ಹತ್ತಿರದ ನೆಂಟ. ಕೆಥೋಲಿಕರಲ್ಲಿ ಇಂದಿಗೂ ಗಂಡಸರೇ ಪಾದ್ರಿಗಳು.

ಕಾಯಿಲೆ ಬಿದ್ದವರ ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಇನ್ನೊಂದು ಸಂಸ್ಕಾರ. ಈ ಎಣ್ಣೆಯನ್ನು ಈಸ್ಟರ್‌ಗೆ ಮುಂಚಿನ ದಿನಗಳಲ್ಲಿ ಬಿಷಪರು ಆಶೀರ್ವದಿಸಿ ಎಲ್ಲ ಇಗರ್ಜಿಗಳಿಗೂ ಕೊಡುತ್ತಾರೆ. ಅದು ಆಲಿವ್ ಎಣ್ಣೆ. ಗಂಗೊಳ್ಳಿಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ತೆಂಗಿನ ಮರ, ಆಲಿವ್ ಮರ ಒಂದೂ ಇಲ್ಲ! 1972ರಲ್ಲಿ ಪೋಪ್ ಆರನೆಯ ಪೌಲರು, ಆಲಿವ್ ಸಿಗದ ಕಡೆ ರೋಗಿಗಳಿಗೆ ಬೇರೆ ಸಸ್ಯದ ಎಣ್ಣೆಯೂ ಆದೀತು ಎಂದರು. ನಮ್ಮ ಕರಾವಳಿಯ ಅಜ್ಜಿಯಂದಿರು ಅಷ್ಟು ಕಾಲ ಕಾದು ಕೂರಲಿಲ್ಲ. ಇಗರ್ಜಿಯೊಳಗೆ ಆಲಿವ್ ಇರಲಿ, ಮನೆಯಂಗಳದಲ್ಲಿ ತೆಂಗಿನದೇ ಆಗಬೇಕು ಎಂದು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಆ ತೀರ್ಮಾನ ಕಣ್ಣಿಗೆ ಕಾಣುವುದು ಉಳಿದ ಒಂದು ಸಂಸ್ಕಾರದಲ್ಲಿ, ಮದುವೆಯಲ್ಲಿ. ಮೂರು ಭಾನುವಾರ ಪೂಜೆಯ ಹೊತ್ತಿಗೆ ಹುಡುಗ ಹುಡುಗಿಯ ಹೆಸರು ಓದುತ್ತಾರೆ, ಯಾರದಾದರೂ ಆಕ್ಷೇಪ ಇದ್ದರೆ ಹೇಳಲಿ ಎಂದು. ಮದುವೆಯ ದಿನ ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ. ಕೆಥೋಲಿಕರ ಪ್ರಕಾರ ಈ ಸಂಸ್ಕಾರವನ್ನು ಕೊಡುವವರು ಮದುಮಕ್ಕಳೇ. ಪಾದ್ರಿ ಸಭೆಯ ಪರವಾಗಿ ಸಾಕ್ಷಿ. ಇಷ್ಟು ರೋಮಿನಲ್ಲೂ ಒಂದೇ, ಗಂಗೊಳ್ಳಿಯಲ್ಲೂ ಒಂದೇ.

ಮದುವೆಯ ಹಿಂದಿನ ಸಂಜೆ ನಡೆಯುವ ರೋಸ್ ಎಂಬ ಶಾಸ್ತ್ರ ಮಾತ್ರ ರೋಮಿನಲ್ಲಿ ಸಿಗದು. ಗಂಡಿನ ಮನೆಯಲ್ಲಿ ಗಂಡಿಗೆ, ಹೆಣ್ಣಿನ ಮನೆಯಲ್ಲಿ ಹೆಣ್ಣಿಗೆ. ಚಪ್ಪರದ ಕೆಳಗೆ ಮದುಮಗಳನ್ನು ಕೂರಿಸಿ, ಮೊದಲು ಹಿರಿಯರು ಪ್ರಾರ್ಥನೆ ಹೇಳುತ್ತಾರೆ. ತೆಂಗಿನಕಾಯಿ ತುರಿದು, ಅರೆದು, ಹಿಂಡಿ ತೆಗೆದ ದಪ್ಪ ಹಾಲು ಒಂದು ಪಾತ್ರೆಯಲ್ಲಿ, ತೆಂಗಿನೆಣ್ಣೆ ಇನ್ನೊಂದು ಬಟ್ಟಲಲ್ಲಿ. ಹೆತ್ತವರು, ಅತ್ತೆ, ಚಿಕ್ಕಮ್ಮ, ನೆರೆಮನೆಯವರು ಒಬ್ಬೊಬ್ಬರಾಗಿ ಬಂದು ಎಣ್ಣೆಯಲ್ಲಿ ಬೆರಳದ್ದಿ ಹಣೆಗೆ ಶಿಲುಬೆಯ ಗುರುತು ಹಾಕಿ, ತಲೆಗೂ ಕೈಕಾಲಿಗೂ ಹಚ್ಚಿ, ಮೇಲಿಂದ ಹಾಲು ಸುರಿಯುತ್ತಾರೆ. ಹಾಡು ಬಲ್ಲ ಹಿರಿಯ ಹೆಂಗಸು ವೊವಿಯೊ ಎಂಬ ಮದುವೆ ಹಾಡು ಎತ್ತುತ್ತಾಳೆ, ಉಳಿದವರು ಸೊಲ್ಲು ಸೇರಿಸುತ್ತಾರೆ. ನಿಮ್ಮಲ್ಲಿ ಯಾರಾದರೂ ಅಕ್ಕನ ಅರಶಿನೆಣ್ಣೆ ಶಾಸ್ತ್ರ ನೋಡಿದ್ದರೆ ಇದರ ಬೇರು ಎಲ್ಲಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ನಿಲ್ಲಿಸಲು ನೋಡಿದವರೂ ಇದ್ದರು. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ದೊಡ್ಡದೊಂದು ಆಜ್ಞೆ ಹೊರಡಿಸಿತು. ಮದುವೆಯಲ್ಲಿ ವೊವಿಯೊ ಹಾಡಬಾರದು, ಮದುಮಕ್ಕಳಿಗೆ ಅರಶಿನ, ತೆಂಗಿನೆಣ್ಣೆ ಹಚ್ಚಿ ಮೀಯಿಸಬಾರದು, ಅಂಗಳದಲ್ಲಿ ತುಳಸಿ ಇರಬಾರದು ಎಂದೆಲ್ಲ. ಮದುವೆಯ ಹಾಡಿಗೂ ಹೆದರುವ ಆಡಳಿತ ಎಂಥದ್ದೋ! ಆದರೆ ಗಂಗೊಳ್ಳಿ ಆಗ ಕೆಳದಿ ಅರಸರ ಸೀಮೆ. ಗೋವೆಯ ಆಜ್ಞೆ ಇಲ್ಲಿ ನಡೆಯುವಂತಿರಲಿಲ್ಲ. ರೋಸ್ ಉಳಿಯಿತು, ವೊವಿಯೊ ಉಳಿಯಿತು.

ಸೆಪ್ಟೆಂಬರ್ 8ರ ಮೊಂತಿ ಹಬ್ಬವೂ ಇದೇ ಜಾತಿಯದು. ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೆ ನಮ್ಮ ತೆನೆ ಹಬ್ಬ. ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಯ ಮೂರ್ತಿಗೆ ಎರಚುತ್ತಾರೆ. ಹಬ್ಬದ ದಿನ ಪಾದ್ರಿ ಹೊಸ ತೆನೆ ಆಶೀರ್ವದಿಸಿ ಮನೆಗಿಷ್ಟು ಕೊಡುತ್ತಾರೆ, ಮನೆಯಲ್ಲಿ ಅದರ ಭತ್ತ ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಹಾಕಿ ಎಲ್ಲರೂ ಉಣ್ಣುತ್ತಾರೆ. ಮೀನಿನ ಊರಿನಲ್ಲಿ ಅಂದು ಬಾಳೆಲೆಯ ಮೇಲೆ ಬರೀ ತರಕಾರಿ.

ಇನ್ನು ವಾಜ್ ಪಾದ್ರಿಗಳ ಕಥೆ. ಅವರು 1684ರಲ್ಲಿ ನಮ್ಮ ಕರಾವಳಿ ಬಿಟ್ಟು ಗೋವೆಗೆ ಮರಳಿ, 1687ರಲ್ಲಿ ಶ್ರೀಲಂಕೆಗೆ ಹೋದರು. ಅಲ್ಲಿ ಡಚ್ಚರು ಕೆಥೋಲಿಕ್ ಪಾದ್ರಿಗಳನ್ನು ಕಂಡರೆ ಬಿಡುತ್ತಿರಲಿಲ್ಲ. ವಾಜ್ ಕೂಲಿಯವನ ವೇಷದಲ್ಲಿ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ಜಪಮಾಲೆಯ ಗುರುತು ಹಿಡಿದವರ ಮನೆಯಲ್ಲಿ ರಾತ್ರಿ ಗುಟ್ಟಾಗಿ ಪೂಜೆ, ಬಾಪ್ತಿಸ್ಮ. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಕುಂದಾಪುರ, ಗಂಗೊಳ್ಳಿಯವರಿಗೆ ಅವರು ಅದಕ್ಕೆ ಮೊದಲೂ ಸಂತರೇ.

ರಜೆಯಲ್ಲಿ ಊರಿಗೆ ಹೋದಾಗ ಗಂಗೊಳ್ಳಿ ಇಗರ್ಜಿಗೂ ಹೋಗಿ ಬನ್ನಿ. ಪೂಜೆ ನಡೆಯುತ್ತಿದ್ದರೆ ಹಿಂದೆ ಕುಳಿತುಕೊಳ್ಳಿ, ಎಲ್ಲರೂ ಎದ್ದಾಗ ಏಳಿ. ಪರಮಪ್ರಸಾದ ಕೆಥೋಲಿಕರಿಗೆ ಮಾತ್ರ. ಅದು ನಮ್ಮ ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಹಂಚುವುದಲ್ಲ, ಸಾಲಿನಲ್ಲಿ ಕೈ ಚಾಚಬೇಡಿ. ಯಾರದಾದರೂ ರೋಸ್‌ಗೆ ಕರೆ ಬಂದರೆ ಮಾತ್ರ ತಪ್ಪಿಸಬೇಡಿ, ಅಲ್ಲಿ ಯಾವ ಮತದವರೂ ಹಾಲು ಸುರಿಯಬಹುದು. ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಕೊನೆಗೆ ಉಳಿದ ಹಾಲು ಮದುಮಗಳ ಮೇಲೆಯೇ ಬೀಳುತ್ತದೆ ಎಂದು ಯಾರೂ ಖಾತರಿ ಕೊಡಲಾರರು.