ಐದು ಪೌಂಡ್ ಸಾಲ, ಅರ್ಧ ಇಂಚಿನ ಅಂತರ

ಬ್ಯಾಟ್‌ಮೊಬೈಲ್, ಜೇಮ್ಸ್ ಬಾಂಡ್‌ನ ಆಸ್ಟನ್ ಮಾರ್ಟಿನ್... ಇಂಥ ಪುಟ್ಟ ಲೋಹದ ಕಾರುಗಳನ್ನು ಹಾಸ್ಟೆಲ್ ಟೇಬಲ್ ಮೇಲೆ ಸಾಲಾಗಿ ಜೋಡಿಸಿ ಇಟ್ಟುಕೊಂಡಿರೋರು ನಮ್ಮಲ್ಲೂ ಇದ್ದಾರೆ. ಇವುಗಳ ಬ್ರಿಟಿಷ್ ಮೂಲವನ್ನು ಹುಡುಕುತ್ತಾ ಹೋದರೆ ಸಿಗೋದು ಸಿನಿಮಾ ಸ್ಟುಡಿಯೋ ಅಲ್ಲ, ಲಿವರ್‌ಪೂಲಿನ ಒಬ್ಬ ಲೆಕ್ಕದ ಗುಮಾಸ್ತ. ಅವರೇ ಫ್ರಾಂಕ್ ಹಾರ್ನ್‌ಬಿ.

ಹುಟ್ಟಿದ್ದು 1863ರ ಮೇ 15ರಂದು. ಹದಿನಾರಕ್ಕೇ ಶಾಲೆ ಬಿಟ್ಟರು. ಎಂಜಿನಿಯರಿಂಗ್ ಓದಲೇ ಇಲ್ಲ. ಅಪ್ಪನ ವ್ಯಾಪಾರ ಮುಚ್ಚಿದ ಮೇಲೆ, ಮಾಂಸ ಆಮದು ಮಾಡುವ ಡೇವಿಡ್ ಎಲಿಯಟ್ ಎಂಬುವರ ಹತ್ತಿರ ಲೆಕ್ಕ ಬರೆಯೋ ಕೆಲಸ. ಸಂಜೆ ಮನೆಗೆ ಬಂದು ಮಕ್ಕಳಾದ ರೋಲಂಡ್ ಮತ್ತು ಡಗ್ಲಸ್‌ಗೆ ತಗಡಿನಲ್ಲಿ ಆಟಿಕೆ ಮಾಡಿಕೊಡುತ್ತಿದ್ದರು. ಪ್ರತಿ ಹೊಸ ಆಟಿಕೆಗೂ ಹೊಸ ಭಾಗಗಳನ್ನು ಕತ್ತರಿಸಬೇಕಲ್ಲ ಅನ್ನೋದೇ ತಲೆನೋವು. ಉಪಾಯ ಸರಳವಾಗಿತ್ತು: ಎಲ್ಲ ಪಟ್ಟಿಗಳಿಗೂ ಅರ್ಧ ಇಂಚಿನ ಅಂತರದಲ್ಲಿ ಒಂದೇ ಅಳತೆಯ ತೂತು, ಜೋಡಿಸೋಕೆ ನಟ್ಟು-ಬೋಲ್ಟು. ಇವತ್ತು ಕ್ರೇನ್ ಆಗಿದ್ದದ್ದು ನಾಳೆ ಸೇತುವೆ ಆಗಬಹುದು. ನಾವು ಕ್ಲಾಸಿನಲ್ಲಿ ಸ್ಟ್ಯಾಂಡರ್ಡೈಸೇಶನ್, ಇಂಟರ್‌ಚೇಂಜಬಿಲಿಟಿ ಅಂತ ಬರೆದುಕೊಳ್ಳೋದು ಇದನ್ನೇ.

ಪೇಟೆಂಟ್ ಮಾಡಿಸೋಕೆ ಕೈಯಲ್ಲಿ ದುಡ್ಡಿರಲಿಲ್ಲ. ಯಜಮಾನರಿಂದ ಐದು ಪೌಂಡ್ ಸಾಲ ತೆಗೆದುಕೊಂಡರು. 1901ರಲ್ಲಿ ಪೇಟೆಂಟ್ ಬಂತು, ಮುಂದೆ ಎಲಿಯಟ್ಟೇ ಪಾಲುದಾರರಾದರು. ಲಿವರ್‌ಪೂಲಿನ ಎಂಜಿನಿಯರಿಂಗ್ ಪ್ರೊಫೆಸರ್ ಹೀಲಿ-ಶಾ ಕೊಟ್ಟ ಶಿಫಾರಸು ಪತ್ರವೂ ಮಾರಾಟಕ್ಕೆ ನೆರವಾಯಿತು. 1907ರಲ್ಲಿ ಮೆಕಾನೊ ಎಂಬ ಹೆಸರು, 1914ರಲ್ಲಿ ಬಿನ್ಸ್ ರಸ್ತೆಯ ದೊಡ್ಡ ಕಾರ್ಖಾನೆ, 1920ರಲ್ಲಿ ಕೀಲಿ ಕೊಟ್ಟರೆ ಓಡುವ ಹಾರ್ನ್‌ಬಿ ರೈಲು. ಮೆಕಾನೊ ಬರೀ ಮಕ್ಕಳಾಟವಾಗಿಯೂ ಉಳಿಯಲಿಲ್ಲ. 1934ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾರ್ಟ್ರಿ ಮತ್ತು ಪೋರ್ಟರ್ ಅದೇ ಬಿಡಿಭಾಗ ಬಳಸಿ ಡಿಫರೆನ್ಶಿಯಲ್ ಸಮೀಕರಣ ಬಿಡಿಸೋ ಯಂತ್ರವನ್ನೇ ಕಟ್ಟಿದರು. ಮ್ಯಾಥ್ಸ್ ಬ್ಯಾಕ್ ಇರೋರು ಗಮನಿಸಿ!

ಕಾರುಗಳು ಬಂದದ್ದು ರೈಲಿನ ಬೆನ್ನಿಗೆ. ಆಟದ ರೈಲಿನ ಪಕ್ಕ ರಸ್ತೆ ಖಾಲಿ ಕಾಣಬಾರದು ಅಂತ 1933ರ ಕೊನೆಯಲ್ಲಿ ಆರು ವಾಹನಗಳ ಸೆಟ್ ಬಿಟ್ಟರು. ಅಮೆರಿಕದ ಟೂಟ್ಸಿಟಾಯ್ ಆಗಲೇ ಅಂಥ ಕಾರು ಮಾಡುತ್ತಿತ್ತು. ಮುಂದಿನ ವರ್ಷ ಹಾರ್ನ್‌ಬಿಯವರ ಕಾರುಗಳಿಗೆ ಡಿಂಕಿ ಟಾಯ್ಸ್ ಅಂತ ಹೆಸರಾಯಿತು. ಸಂಗ್ರಾಹಕರು ಇಂದಿಗೂ ಹೇಳೋ 1:43 ಅಳತೆ ಆ ರೈಲಿನ ಓ ಗೇಜ್‌ನಿಂದಲೇ ಬಂದದ್ದು. ಕರಗಿಸಿದ ಸತುವಿನ ಮಿಶ್ರಲೋಹವನ್ನು ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನುಗ್ಗಿಸಿದರೆ ಕಾರಿನ ಮೈ ರೆಡಿ. ಆದರೆ ಆ ಸತುವಿನಲ್ಲಿ ಚೂರು ಸೀಸ ಬೆರೆತರೂ ಕೆಲವು ವರ್ಷಗಳಲ್ಲಿ ಕಾರು ಬಿರುಕು ಬಿಟ್ಟು ಪುಡಿಯಾಗುತ್ತೆ. ಯುದ್ಧಪೂರ್ವದ ಎಷ್ಟೋ ಡಿಂಕಿಗಳು ಹೀಗೇ ಹೋದವು.

1931ರಲ್ಲಿ ಸಂಸತ್ತಿಗೂ ಆಯ್ಕೆಯಾಗಿದ್ದ ಹಾರ್ನ್‌ಬಿ 1936ರ ಸೆಪ್ಟೆಂಬರ್ 21ರಂದು ತೀರಿಕೊಂಡರು. ತೆರೆಯ ಮೇಲಿನ ಕಾರುಗಳ ಭರಾಟೆಯನ್ನು ಅವರು ನೋಡಲಿಲ್ಲ. 1965ರಲ್ಲಿ ಪ್ರತಿಸ್ಪರ್ಧಿ ಕಾರ್ಗಿ, ಸೀಟು ಹಾರಿಸುವ ಬಾಂಡ್ ಕಾರು ತಂದು ಮಾರುಕಟ್ಟೆಯನ್ನೇ ಅಲ್ಲಾಡಿಸಿತು. ಡಿಂಕಿಯ ಉತ್ತರ 1966ರಲ್ಲಿ ಬಂತು: ಥಂಡರ್‌ಬರ್ಡ್ಸ್ ಟಿವಿ ಸರಣಿಯ ಆರು ಚಕ್ರದ ಗುಲಾಬಿ ಕಾರು ಫ್ಯಾಬ್ 1. ಮುಂದಿನಿಂದ ರಾಕೆಟ್ ಚಿಮ್ಮಿಸೋ ಕಾರು ಅದು! ಕೆಲವು ಹಳೇ ಡಿಂಕಿ ಅಚ್ಚುಗಳು ಕಲ್ಕತ್ತಾಕ್ಕೂ ಬಂದು ನಿಕಿ ಟಾಯ್ಸ್ ಆದವು. 1979ರಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆಗೆ ಬೀಗ ಬಿತ್ತು.

ಈಗ ಡಬ್ಬಿ ಸಮೇತ ಹೊಸದರಂತೆ ಉಳಿದ ಕಾರಿಗೇ ಹೆಚ್ಚು ಬೆಲೆ. ಆದರೆ ಹಾರ್ನ್‌ಬಿ ಶುರುಮಾಡಿದ್ದು ಬಿಚ್ಚಿ, ಮತ್ತೆ ಕಟ್ಟೋ ಆಟವನ್ನು. ರೆಡಿಮೇಡ್ ಪ್ರಾಜೆಕ್ಟ್ ದುಡ್ಡಿಗೆ ಸಿಗೋ ಈ ಕಾಲದಲ್ಲಿ ನಾವು ನೆನಪಿಡಬೇಕಾದದ್ದು ಇದನ್ನೇ. ಡಿಗ್ರಿ ಇಲ್ಲದ ಗುಮಾಸ್ತರೊಬ್ಬರು ತಮ್ಮ ಕೈಯಾರೆ ತಗಡು ಕತ್ತರಿಸಿದ್ದರಿಂದಲೇ ಇಷ್ಟೆಲ್ಲ ಆಯಿತು. ವರ್ಕ್‌ಶಾಪ್ ಅಂತೂ ನಮಗೆ ತೆರೆದೇ ಇದೆ.